ಮಣಿಯದ ಮೂರ್ಛೆರೋಗ ಮತ್ತು ಹೊಸ ಔಷಧದ ಪರೀಕ್ಷೆ

ಅಮವಾಸ್ಯೆಯ ದಿನ ಶ್ರೀಮಠದಲ್ಲಿ ನಡೆಯುವ ಉಚಿತ ಆರೋಗ್ಯ ತಪಾಸಣೆಗೆ ತಾಯಿಯೊಬ್ಬರು ತಮ್ಮ ಮಗನನ್ನು ಕರೆತಂದಿದ್ದರು. ಮಗನಿಗೆ ಮೂವತ್ತರ ಹರೆಯ. ಹನ್ನೆರಡನೆಯ ವಯಸ್ಸಿನಿಂದ ಮೂರ್ಛೆರೋಗ. "ಮೂರು ನಮೂನಿ ಗುಳಿಗಿ ನುಂಗ್ತಾನ್ರೀ, ಆದ್ರೂ ಬಿಟ್ಟಿಲ್ಲ. ಈಗ ದೊಡ್ಡ ದವಾಖಾನ್ಯಾಗ ಹೊಸ ಔಷಧ ಬಂದೈತಿ, ಸಹಿ ಮಾಡ್ರಿ ಅಂತಾರ. ನನ್ನ ಮಗನ ಮ್ಯಾಲ ಪ್ರಯೋಗ ಮಾಡಾಕತ್ತಾರೇನ್ರೀ?" ಎಂದು ಆ ತಾಯಿ ಕೇಳಿದರು. ಅವರ ಕೈಯಲ್ಲಿ ಹಲವು ಪುಟಗಳ ಸಮ್ಮತಿಪತ್ರವಿತ್ತು. ಪಕ್ಕದಲ್ಲಿ ಕುಳಿತ ಮಗ ಒಂದು ಮಾತನ್ನೂ ಆಡಲಿಲ್ಲ.

ಆ ತಾಯಿಯ ಪ್ರಶ್ನೆ ನ್ಯಾಯವಾದುದು. ಅದಕ್ಕೆ ಹೌದು ಅಥವಾ ಅಲ್ಲ ಎಂಬ ಒಂದೇ ಮಾತಿನ ಉತ್ತರ ಸಲ್ಲದು. ಮೂರ್ಛೆರೋಗದ ಹೊಸ ಔಷಧವೊಂದನ್ನು ಹೇಗೆ ಪರೀಕ್ಷಿಸುತ್ತಾರೆ, ಆ ಪರೀಕ್ಷೆ ರೋಗಿಗೆ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ಭಕ್ತರೆಲ್ಲರೂ ತಿಳಿದಿರುವುದು ಒಳಿತೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮಣಿಯದ ರೋಗವೆಂದರೇನು?

ಅಪಸ್ಮಾರ, ಮೂರ್ಛೆರೋಗ, ಫಿಟ್ಸ್ ಎಂದು ನಾನಾ ಹೆಸರುಗಳಿಂದ ಕರೆಯಲ್ಪಡುವ ಈ ಕಾಯಿಲೆಯು ಮಿದುಳಿಗೆ ಸಂಬಂಧಿಸಿದುದು. ಮಿದುಳಿನ ನರಕೋಶಗಳು ಸಣ್ಣ ವಿದ್ಯುತ್ ಸಂಜ್ಞೆಗಳ ಮೂಲಕ ಒಂದರೊಡನೊಂದು ವ್ಯವಹರಿಸುತ್ತವೆ. ಈ ವ್ಯವಹಾರವು ಹದತಪ್ಪಿ ಅಸಂಖ್ಯ ಕೋಶಗಳು ಒಮ್ಮೆಲೇ ಕೆರಳಿದಾಗ ಸೆಳವು ಉಂಟಾಗುತ್ತದೆ. ಕೆಲವರು ನೆಲಕ್ಕೆ ಬಿದ್ದು ಕೈಕಾಲು ಅದುರಿಸುತ್ತಾರೆ. ಕೆಲವರು ಬೀಳುವುದೇ ಇಲ್ಲ. ಅರೆನಿಮಿಷ ಶೂನ್ಯದೃಷ್ಟಿಯಿಂದ ನೋಡುತ್ತಾರೆ, ತುಟಿ ಚಪ್ಪರಿಸುತ್ತಾರೆ, ಬಟ್ಟೆಯನ್ನು ತಡವರಿಸುತ್ತಾರೆ. ಇದು ಯಾರ ಶಾಪವೂ ಅಲ್ಲ, ಯಾವ ಗಾಳಿಯ ಸೋಂಕೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆಯಿದೆ. ಸರಿಯಾದ ಚಿಕಿತ್ಸೆ ದೊರೆತರೆ ಅವರಲ್ಲಿ ನೂರಕ್ಕೆ 70ರವರೆಗೆ ಸೆಳವಿಲ್ಲದೆ ಬಾಳಬಲ್ಲರು. ನಮ್ಮದೇ ನಾಡಿನ ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನವು, ಫಿನೊಬಾರ್ಬಿಟಾಲ್, ಫೆನಿಟಾಯಿನ್‌ನಂತಹ ಅಗ್ಗದ ಹಳೆಯ ಗುಳಿಗೆಗಳಿಂದಲೇ ಗ್ರಾಮೀಣ ರೋಗಿಗಳಿಗೆ ಎಷ್ಟು ಉಪಕಾರವಾಗಬಲ್ಲದೆಂಬುದನ್ನು ತೋರಿಸಿಕೊಟ್ಟಿತು.

ಆದರೆ ಉಳಿದವರ ಪಾಡೇನು? ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯರು 525 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2000ನೆಯ ಇಸವಿಯಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಅದುವರೆಗೆ ಯಾವ ಔಷಧವನ್ನೂ ಸೇವಿಸದಿದ್ದವರಲ್ಲಿ ನೂರಕ್ಕೆ 47 ಜನರಿಗೆ ಮೊದಲ ಔಷಧದಿಂದಲೇ ಸೆಳವು ನಿಂತಿತು. ಎರಡನೆಯ ಔಷಧದಿಂದ ಇನ್ನು 13 ಜನರಿಗೆ ನಿಂತಿತು. ಅದರಾಚೆಗೆ ಮೂರನೆಯ ಔಷಧ ಕೊಟ್ಟರೂ, ಎರಡನ್ನು ಕೂಡಿಸಿ ಕೊಟ್ಟರೂ ಗುಣ ಕಂಡವರು ನಾಲ್ಕು ಜನ ಮಾತ್ರ. ಈ ಅನುಭವದ ಹಿನ್ನೆಲೆಯಲ್ಲಿ ಅಂತರರಾಷ್ಟ್ರೀಯ ಅಪಸ್ಮಾರ ವೈದ್ಯರ ಸಂಘಟನೆಯು 2010ರಲ್ಲಿ ಒಂದು ವ್ಯಾಖ್ಯೆಯನ್ನು ನೀಡಿತು: ಯೋಗ್ಯವಾಗಿ ಆರಿಸಿದ, ಮೈಗೆ ಒಗ್ಗಿದ, ತಕ್ಕ ಪ್ರಮಾಣದಲ್ಲಿ ಸೇವಿಸಿದ ಎರಡು ಔಷಧಕ್ರಮಗಳಿಗೂ ಸೆಳವು ನಿಲ್ಲದಿದ್ದರೆ ಅದು ಔಷಧಕ್ಕೆ ಮಣಿಯದ ಮೂರ್ಛೆರೋಗ.

ಮಣಿಯದ ರೋಗದ ಭಾರವು ಬೀಳುವ ಹೊತ್ತಿಗಷ್ಟೇ ಸೀಮಿತವಲ್ಲ. ಒಲೆಯ ಮುಂದೆ, ಬಾವಿಯ ಕಟ್ಟೆಯಲ್ಲಿ, ಯಂತ್ರದ ಪಕ್ಕದಲ್ಲಿ ಅಪಾಯ ಕಾದಿರುತ್ತದೆ. ವಾಹನ ಓಡಿಸುವಂತಿಲ್ಲ, ಉದ್ಯೋಗ ನಿಲ್ಲುವುದಿಲ್ಲ, ಮದುವೆಯ ಮಾತು ಮುರಿದುಬೀಳುತ್ತದೆ. ಸೆಳವು ಹತೋಟಿಗೆ ಬಾರದವರಲ್ಲಿ ಹಠಾತ್ ಮರಣದ ಅಪಾಯವೂ ಇತರರಿಗಿಂತ ಹೆಚ್ಚು. ಆದುದರಿಂದಲೇ ಹೊಸ ಔಷಧವೆಂಬ ಮಾತು ಕಿವಿಗೆ ಬಿದ್ದೊಡನೆ ಇಂತಹ ಮನೆಗಳಲ್ಲಿ ಆಸೆ ಚಿಗುರುತ್ತದೆ. ಆ ಆಸೆಯನ್ನು ಯಾರೂ ದುರುಪಯೋಗಪಡಿಸಿಕೊಳ್ಳದಂತೆ ಕಾಯುವುದೂ ಸರಿಯಾದ ಪರೀಕ್ಷೆಯ ಕೆಲಸವೇ.

ಒಂದು ಔಷಧದ ಕಥೆ

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ನಿಜವಾದ ಔಷಧವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ದಕ್ಷಿಣ ಕೊರಿಯಾದ ಎಸ್‌ಕೆ ಬಯೋಫಾರ್ಮಾಸ್ಯೂಟಿಕಲ್ಸ್ ಸಂಸ್ಥೆಯು ರೂಪಿಸಿದ ಆ ಔಷಧದ ಹೆಸರು ಸೆನೊಬಮೇಟ್. ಮಿದುಳಿನ ಒಂದು ಭಾಗದಲ್ಲಿ ಆರಂಭವಾಗುವ ಸೆಳವುಗಳಿರುವ ವಯಸ್ಕರಿಗಾಗಿ ಅದನ್ನು ಸಿದ್ಧಪಡಿಸಲಾಯಿತು.

ಯಾವ ಔಷಧವೂ ಪ್ರಯೋಗಾಲಯದಿಂದ ನೇರವಾಗಿ ರೋಗಿಯ ಕೈಗೆ ಬರುವುದಿಲ್ಲ. ಮೊದಲು ಪ್ರಾಣಿಗಳಲ್ಲಿ ಅದರ ಗುಣ ಮತ್ತು ವಿಷತ್ವವನ್ನು ನೋಡುತ್ತಾರೆ. ಮನುಷ್ಯರ ಮೇಲಿನ ಮೊದಲ ಹಂತದಲ್ಲಿ ಸಾಮಾನ್ಯವಾಗಿ ಕೆಲವೇ ಆರೋಗ್ಯವಂತ ಸ್ವಯಂಸೇವಕರಿಗೆ ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟು ಅದು ಮೈಯಲ್ಲಿ ಹೇಗೆ ಹರಡುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಅಳೆಯುತ್ತಾರೆ. ಎರಡನೆಯ ಹಂತದಲ್ಲಿ ರೋಗಿಗಳಲ್ಲಿ ಅದು ಕೆಲಸ ಮಾಡುವುದೇ, ಯಾವ ಪ್ರಮಾಣ ತಕ್ಕುದು ಎಂಬ ವಿಚಾರ. ಮೂರನೆಯ ಹಂತದಲ್ಲಿ ಹೆಚ್ಚು ರೋಗಿಗಳ ಮೇಲೆ ಗುಣ ಮತ್ತು ಸುರಕ್ಷತೆ ಎರಡನ್ನೂ ಖಚಿತಪಡಿಸಿಕೊಳ್ಳುತ್ತಾರೆ. ಔಷಧ ಮಾರುಕಟ್ಟೆಗೆ ಬಂದ ಬಳಿಕವೂ ನಿಗಾ ಮುಂದುವರಿಯುತ್ತದೆ.

ಸೆನೊಬಮೇಟಿನ ಪ್ರಮುಖ ಪರೀಕ್ಷೆಗಳಲ್ಲೊಂದು 16 ದೇಶಗಳ 107 ಚಿಕಿತ್ಸಾ ಕೇಂದ್ರಗಳಲ್ಲಿ ನಡೆಯಿತು. 18ರಿಂದ 70 ವರ್ಷದೊಳಗಿನ 437 ರೋಗಿಗಳು ಅದರಲ್ಲಿದ್ದರು. ಎಲ್ಲರೂ ಒಂದರಿಂದ ಮೂರು ಬಗೆಯ ಔಷಧಗಳನ್ನು ಸೇವಿಸುತ್ತಿದ್ದರೂ ಸೆಳವು ನಿಲ್ಲದವರು. ಮೊದಲ ಎಂಟು ವಾರ ಹೊಸ ಗುಳಿಗೆ ಕೊಡಲೇ ಇಲ್ಲ. ಪ್ರತಿಯೊಬ್ಬರೂ ತಮಗೆ ಬಂದ ಸೆಳವುಗಳನ್ನು ದಿನಚರಿಯಲ್ಲಿ ಬರೆದಿಡಬೇಕಿತ್ತು. ಆ ಅವಧಿಯಲ್ಲಿ ಕನಿಷ್ಠ ಎಂಟು ಸೆಳವುಗಳು ಬಂದವರನ್ನಷ್ಟೇ ಮುಂದಕ್ಕೆ ತೆಗೆದುಕೊಂಡರು.

ಈ ದಿನಚರಿಯು ಅತ್ಯಂತ ಮುಖ್ಯವಾದುದು. ನಮ್ಮ ಬಳಿ ಬಂದ ತಾಯಿಯೂ "ಅಮಾಸಿ ಬಂತಂದ್ರ ಬರತೈತ್ರೀ" ಎಂದರು. ಅಮವಾಸ್ಯೆಯಂದು ಬಂದ ಸೆಳವು ನೆನಪಿನಲ್ಲಿ ಉಳಿಯುತ್ತದೆ, ಬೇರೆ ದಿನ ಬಂದುದು ಮರೆತುಹೋಗುತ್ತದೆ. ಬರೆದಿಟ್ಟಾಗ ಮಾತ್ರ ನಿಜಸ್ಥಿತಿ ತಿಳಿಯುತ್ತದೆ. ನಿದ್ದೆಗೆಟ್ಟ ರಾತ್ರಿ, ಮರೆತ ಗುಳಿಗೆ, ಜ್ವರ, ಮದ್ಯ ಇವುಗಳ ಪೈಕಿ ಯಾವುದು ಸೆಳವನ್ನು ಕರೆತಂದಿತೆಂಬುದೂ ಆ ಪುಸ್ತಕದಲ್ಲಿ ಕಾಣುತ್ತದೆ.

ಹುಸಿಗುಳಿಗೆಯು ಮೋಸವೇ?

ಎಂಟು ವಾರಗಳ ಬಳಿಕ ರೋಗಿಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಮೂರು ಗುಂಪುಗಳಿಗೆ ದಿನಕ್ಕೆ 100, 200, 400 ಮಿಲಿಗ್ರಾಂ ಸೆನೊಬಮೇಟ್. ನಾಲ್ಕನೆಯದಕ್ಕೆ ನೋಡಲು ಅದೇ ಬಗೆಯಾದ, ಔಷಧವಿಲ್ಲದ ಹುಸಿಗುಳಿಗೆ. ಇದನ್ನೇ ಪ್ಲಾಸಿಬೊ ಎನ್ನುತ್ತಾರೆ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗುತ್ತದೆ. ರೋಗಿಗೂ ತಿಳಿಯದು, ಚಿಕಿತ್ಸೆ ನೀಡುವ ವೈದ್ಯರಿಗೂ ತಿಳಿಯದು.

"ರೋಗಿಗೆ ಬರಿ ಹಿಟ್ಟಿನ ಗುಳಿಗೆ ಕೊಡುವುದು ಅನ್ಯಾಯವಲ್ಲವೇ?" ಎಂದು ಹಲವರು ಕೇಳುತ್ತಾರೆ. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಇಂತಹ ಪರೀಕ್ಷೆಗಳಲ್ಲಿ ರೋಗಿಯ ಹಳೆಯ ಔಷಧಗಳನ್ನು ನಿಲ್ಲಿಸುವುದಿಲ್ಲ. ಅವು ಎಂದಿನಂತೆ ನಡೆಯುತ್ತವೆ. ಅವುಗಳ ಜೊತೆಗೆ ಹೊಸ ಔಷಧವೋ ಹುಸಿಗುಳಿಗೆಯೋ ಸೇರುತ್ತದೆ. ಆದರೂ ಕೆಲವು ತಿಂಗಳುಗಳ ಕಾಲ ಹೊಸದರ ಲಾಭ ದೊರೆಯದೆ ಹೋಗಬಹುದೆಂಬುದು ನಿಜ. ಸಹಿ ಮಾಡುವ ಮುನ್ನ ಇದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ಹುಸಿಗುಳಿಗೆಯ ಅಗತ್ಯವೇನೆಂಬುದನ್ನು ಈ ಪರೀಕ್ಷೆಯ ಅಂಕಿಗಳೇ ಹೇಳುತ್ತವೆ. ಹುಸಿಗುಳಿಗೆ ಸೇವಿಸಿದವರಲ್ಲಿಯೂ ನೂರಕ್ಕೆ 25 ಜನರಿಗೆ ಸೆಳವುಗಳು ಅರ್ಧಕ್ಕರ್ಧ ಅಥವಾ ಅದಕ್ಕಿಂತ ಹೆಚ್ಚು ಇಳಿದವು! ಮೂರ್ಛೆರೋಗಕ್ಕೆ ಏರಿಳಿತವುಂಟು. ಕಷ್ಟ ಹೆಚ್ಚಾದ ಕಾಲದಲ್ಲಿಯೇ ರೋಗಿಯು ಹೊಸ ಚಿಕಿತ್ಸೆಯನ್ನು ಅರಸಿ ಬರುತ್ತಾನೆ; ಬಳಿಕ ತಾನಾಗಿಯೇ ಕೊಂಚ ಇಳಿಯುವುದು ಸಹಜ. ಪರೀಕ್ಷೆಗೆ ಸೇರಿದವರು ಗುಳಿಗೆಗಳನ್ನು ವೇಳೆ ತಪ್ಪದೆ ನುಂಗುತ್ತಾರೆ, ವೈದ್ಯರ ನಿಗಾದಲ್ಲಿರುತ್ತಾರೆ. ಇವೆಲ್ಲ ಕೂಡಿ ಗುಣ ಬಂದಂತೆ ಕಾಣುತ್ತದೆ. ಆದುದರಿಂದ "ನಮ್ಮ ಬೀಗರಿಗೆ ಒಬ್ಬರು ಕೊಟ್ಟ ಪುಡಿಯಿಂದ ಕಡಿಮೆಯಾಯಿತು" ಎಂಬ ಮಾತು ಸುಳ್ಳಲ್ಲದಿರಬಹುದು. ಆದರೆ ಪುಡಿಯಿಂದಲೇ ಕಡಿಮೆಯಾಯಿತೆಂದು ಅದರಿಂದ ತಿಳಿಯದು. ಹೆಸರಿಲ್ಲದ ಇಂತಹ ಪುಡಿ, ಗುಳಿಗೆಗಳಲ್ಲಿ ಕೆಲವೊಮ್ಮೆ ಫಿನೊಬಾರ್ಬಿಟಾಲ್ ಔಷಧವೇ ಬೆರೆತಿದ್ದುದೂ ಪತ್ತೆಯಾಗಿದೆ. ಪ್ರಮಾಣ ತಿಳಿಯದೆ ಅದನ್ನು ನುಂಗುವುದು, ತಟ್ಟನೆ ಬಿಡುವುದು ಎರಡೂ ಅಪಾಯಕರ.

ಈಗ ಔಷಧ ಪಡೆದವರ ಅಂಕಿಗಳನ್ನು ನೋಡೋಣ. ಸೆಳವು ಅರ್ಧದಷ್ಟಾದರೂ ಇಳಿದವರು 100 ಮಿಲಿಗ್ರಾಂ ಗುಂಪಿನಲ್ಲಿ ನೂರಕ್ಕೆ 40, 200ರ ಗುಂಪಿನಲ್ಲಿ 56, 400ರ ಗುಂಪಿನಲ್ಲಿ 64. ಪೂರ್ಣ ಪ್ರಮಾಣದಲ್ಲಿ ಔಷಧ ಸೇವಿಸಿದ ಕೊನೆಯ 12 ವಾರಗಳಲ್ಲಿ ಒಂದೂ ಸೆಳವು ಬಾರದವರು ಹುಸಿಗುಳಿಗೆಯ ಗುಂಪಿನಲ್ಲಿ ನೂರಕ್ಕೆ ಒಬ್ಬರು. ಔಷಧದ ಗುಂಪುಗಳಲ್ಲಿ ಕ್ರಮವಾಗಿ 4, 11 ಮತ್ತು 21. ಹಲವು ಔಷಧಗಳಿಗೆ ಮಣಿಯದ ರೋಗದಲ್ಲಿ ಇದು ಸಣ್ಣ ಸಾಧನೆಯಲ್ಲ. ಆದರೆ ಇದೇ ಅಂಕಿಯನ್ನು ತಿರುಗಿಸಿ ಓದಿದರೆ, ಅತಿ ಹೆಚ್ಚಿನ ಪ್ರಮಾಣ ಪಡೆದ ನೂರರಲ್ಲಿ 79 ಜನರಿಗೆ ಸೆಳವು ಪೂರ್ತಿಯಾಗಿ ನಿಲ್ಲಲಿಲ್ಲ. ಎರಡನ್ನೂ ಒಟ್ಟಿಗೆ ಹೇಳುವವರೇ ಸತ್ಯವನ್ನು ಹೇಳುವವರು.

ಗುಣದೊಡನೆ ಬಂದ ದೋಷ

ತಲೆಸುತ್ತು, ತೂಕಡಿಕೆ, ಆಯಾಸ, ವಸ್ತುಗಳು ಎರಡೆರಡಾಗಿ ಕಾಣುವುದು ಈ ಔಷಧದ ಸಾಮಾನ್ಯ ಅಡ್ಡಪರಿಣಾಮಗಳು. ತೊಂದರೆ ತಾಳಲಾರದೆ ಔಷಧವನ್ನು ಬಿಟ್ಟವರು ಹುಸಿಗುಳಿಗೆಯ ಗುಂಪಿನಲ್ಲಿ ನೂರಕ್ಕೆ 5, 400 ಮಿಲಿಗ್ರಾಂ ಗುಂಪಿನಲ್ಲಿ 20. ಪ್ರಮಾಣ ಏರಿದಂತೆ ಗುಣವೂ ಏರಿತು, ಕಾಟವೂ ಏರಿತು.

ಅದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಸೆನೊಬಮೇಟಿನ ಆರಂಭದ ಪರೀಕ್ಷೆಗಳಲ್ಲಿ ಮೂವರಿಗೆ ಡ್ರೆಸ್ ಎಂಬ ತೀವ್ರ ಪ್ರತಿಕ್ರಿಯೆ ಉಂಟಾಯಿತು. ಇದರಲ್ಲಿ ಜ್ವರ ಬರುತ್ತದೆ, ಮೈತುಂಬ ದದ್ದುಗಳೇಳುತ್ತವೆ, ಯಕೃತ್ತು ಮೊದಲಾದ ಒಳಾಂಗಗಳಿಗೆ ಘಾಸಿಯಾಗುತ್ತದೆ. ಅವರಲ್ಲಿ ಒಬ್ಬರು ತೀರಿಕೊಂಡರು. ಈ ಸಂಗತಿಯನ್ನು ಮುಚ್ಚಿಡಲಿಲ್ಲ. ಔಷಧದ ಪ್ರಮಾಣವನ್ನು ವಾರವಾರಕ್ಕೆ ಅಥವಾ ಇನ್ನೂ ಬೇಗನೆ ಏರಿಸಿದಾಗ ಇಂತಹ ಪ್ರಕರಣಗಳು ಸಂಭವಿಸಿದ್ದುದು ಕಂಡುಬಂದಿತು. ಆಗ 1339 ರೋಗಿಗಳಲ್ಲಿ ಬೇರೆಯ ಕ್ರಮವನ್ನು ಪರೀಕ್ಷಿಸಿದರು. ದಿನಕ್ಕೆ ಕೇವಲ 12.5 ಮಿಲಿಗ್ರಾಂನಿಂದ ಆರಂಭಿಸಿ ಎರಡೆರಡು ವಾರಗಳಿಗೊಮ್ಮೆ ಮಾತ್ರ ಮೆಲ್ಲನೆ ಏರಿಸಿದರು. ಆ 1339 ಜನರಲ್ಲಿ ಒಬ್ಬರಿಗೂ ಡ್ರೆಸ್ ಉಂಟಾಗಲಿಲ್ಲ. 2019ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಅನುಮತಿ ನೀಡಿದುದು ಈ ನಿಧಾನದ ಕ್ರಮಕ್ಕೇ. 2021ರಲ್ಲಿ ಯೂರೋಪಿನಲ್ಲಿಯೂ ಅನುಮತಿ ದೊರೆಯಿತು.

ಈ ಕಥೆಯಲ್ಲಿ ತಾಯಿಯ ಪ್ರಶ್ನೆಗೆ ಅರ್ಧ ಉತ್ತರವಿದೆ. ಹೌದು, ಅದು ಪ್ರಯೋಗವೇ, ಅಪಾಯವೂ ಇದೆ. ಆ ಅಪಾಯವನ್ನು ಅರಿತು ಮುಂದೆ ಬಂದವರಿಂದಲೇ ಇಂದು ಗುಳಿಗೆ ನುಂಗುವವರು ಸುರಕ್ಷಿತರಾಗಿದ್ದಾರೆ. ಲೆಕ್ಕವಿಟ್ಟು ಪರೀಕ್ಷಿಸದೆ ಊರೂರಿಗೆ ಹಂಚಿದ್ದರೆ ಸತ್ತವರ ಲೆಕ್ಕ ಯಾರಿಗೂ ಸಿಗುತ್ತಿರಲಿಲ್ಲ.

ಸೇರುವ ಮುನ್ನ

ಹೊಸ ಔಷಧದ ಪರೀಕ್ಷೆಯತ್ತ ಹೆಜ್ಜೆಯಿಡುವ ಮುನ್ನ ಮೂರು ಸಂಗತಿಗಳು ಸ್ಪಷ್ಟವಾಗಬೇಕು. ಮೊದಲನೆಯದು, ಇದು ಮೂರ್ಛೆರೋಗವೇ ಹೌದೇ? ಹೃದಯದ ಬಡಿತ ತಪ್ಪಿಯೂ, ಮನಸ್ಸಿನ ತೀವ್ರ ಒತ್ತಡದಿಂದಲೂ ಸೆಳವಿನಂತಹ ಸ್ಥಿತಿ ಉಂಟಾಗುವುದುಂಟು. ಅದಕ್ಕೆ ಈ ಗುಳಿಗೆಗಳು ಫಲ ಕೊಡವು. ಎರಡನೆಯದು, ಈಗಿನ ಔಷಧಗಳನ್ನು ತಪ್ಪದೆ ಸೇವಿಸಲಾಗುತ್ತಿದೆಯೇ? ಜಾತ್ರೆ, ಸುಗ್ಗಿ, ಮದುವೆಗಳ ಗದ್ದಲದಲ್ಲಿ ಬಿಟ್ಟುಹೋದ ಗುಳಿಗೆಗಳಿಂದಲೂ ರೋಗವು ಮಣಿಯದಂತೆ ತೋರುತ್ತದೆ. ಮೂರನೆಯದು, ಶಸ್ತ್ರಚಿಕಿತ್ಸೆಗೆ ಅವಕಾಶವಿದೆಯೇ? ಸೆಳವು ಹುಟ್ಟುವ ತಾಣವು ಮಿದುಳಿನ ಒಂದೆಡೆ ನಿಖರವಾಗಿ ಗುರುತಾದರೆ ಆ ಭಾಗವನ್ನು ತೆಗೆದು ಗುಣಪಡಿಸಲು ಕೆಲವರಲ್ಲಿ ಸಾಧ್ಯ. ಕೆನಡಾದಲ್ಲಿ 80 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಯ ಗುಂಪಿನ ನೂರಕ್ಕೆ 58 ಜನರು ಒಂದು ವರ್ಷದ ಬಳಿಕ ಎಚ್ಚರ ತಪ್ಪಿಸುವ ಸೆಳವುಗಳಿಂದ ಮುಕ್ತರಾಗಿದ್ದರು. ಔಷಧವನ್ನಷ್ಟೇ ಪಡೆದವರಲ್ಲಿ ನೂರಕ್ಕೆ 8 ಜನ. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಮೊದಲಾದೆಡೆ ಈ ಚಿಕಿತ್ಸೆಯುಂಟು. ಯೋಗ್ಯರಾದವರು ಅದನ್ನು ಬಿಟ್ಟು ವರ್ಷಗಟ್ಟಲೆ ಗುಳಿಗೆ ಬದಲಿಸುತ್ತ ಕೂಡುವುದು ಹಿತವಲ್ಲ.

ನಿಮ್ಮ ಹಕ್ಕುಗಳು

ನಮ್ಮ ದೇಶದಲ್ಲಿ ಇಂತಹ ಪರೀಕ್ಷೆಗಳು 2019ರ ಹೊಸ ಔಷಧಗಳು ಮತ್ತು ವೈದ್ಯಕೀಯ ಪ್ರಯೋಗಗಳ ನಿಯಮಗಳಿಗೆ ಒಳಪಟ್ಟಿವೆ. ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಪರೀಕ್ಷೆ ನಡೆಸುವಂತಿಲ್ಲ. ಆ ಸಮಿತಿಯಲ್ಲಿ ವೈದ್ಯರಷ್ಟೇ ಅಲ್ಲ, ಕಾನೂನು ಬಲ್ಲವರೂ ಜನಸಾಮಾನ್ಯರ ಪ್ರತಿನಿಧಿಯೂ ಇರಬೇಕು. ಸಮ್ಮತಿಪತ್ರವು ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ನಿಷ್ಪಕ್ಷಪಾತಿಯಾದ ಸಾಕ್ಷಿಯ ಎದುರಿನಲ್ಲಿ ವಿವರಿಸಬೇಕು. ಪರೀಕ್ಷೆಯ ಅವಧಿಯಲ್ಲಿ ಹಾನಿಯಾದರೆ ಉಚಿತ ಚಿಕಿತ್ಸೆಗೂ, ಆ ಹಾನಿಯು ಪರೀಕ್ಷೆಯಿಂದಲೇ ಆಯಿತೆಂದು ನಿರ್ಧಾರವಾದರೆ ಪರಿಹಾರಧನಕ್ಕೂ ಅವಕಾಶವಿದೆ. ಪರೀಕ್ಷೆಯು ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಒಪ್ಪಿ ಸೇರಿದವರು ಯಾವ ದಿನವಾದರೂ ಕಾರಣ ಹೇಳದೆ ಹೊರಬರಬಹುದು. ಅದರಿಂದ ಅವರ ಎಂದಿನ ಚಿಕಿತ್ಸೆಗೆ ಕುಂದುಂಟಾಗಬಾರದು.

ಸಹಿ ಮಾಡುವ ಮುನ್ನ ವೈದ್ಯರಲ್ಲಿ ಈ ಪ್ರಶ್ನೆಗಳನ್ನು ಕೇಳಿರಿ:

1. ಈ ಔಷಧವು ಎಷ್ಟನೆಯ ಹಂತದ ಪರೀಕ್ಷೆಯಲ್ಲಿದೆ? ಈವರೆಗೆ ಎಷ್ಟು ಜನರಿಗೆ ಕೊಡಲಾಗಿದೆ?
2. ಹುಸಿಗುಳಿಗೆ ಬರುವ ಸಂಭವವೆಷ್ಟು? ಅದು ಎಷ್ಟು ವಾರಗಳ ಕಾಲ?
3. ನನ್ನ ಹಳೆಯ ಔಷಧಗಳು ಮುಂದುವರಿಯುವುವೇ?
4. ಈವರೆಗೆ ಕಂಡುಬಂದ ಅತಿ ಗಂಭೀರ ತೊಂದರೆ ಯಾವುದು? ಮೈಮೇಲೆ ದದ್ದು, ಜ್ವರ ಬಂದರೆ ರಾತ್ರಿಯ ಹೊತ್ತು ಯಾರಿಗೆ ತಿಳಿಸಬೇಕು?
5. ಎಷ್ಟು ಸಲ ಆಸ್ಪತ್ರೆಗೆ ಬರಬೇಕು? ಪ್ರಯಾಣದ ವೆಚ್ಚ ಯಾರದು?
6. ಪರೀಕ್ಷೆ ಮುಗಿದ ಬಳಿಕ, ಗುಣ ಕಂಡಿದ್ದರೆ, ಔಷಧವು ಮುಂದೆಯೂ ದೊರೆಯುವುದೇ?
7. ಮಗುವನ್ನು ಬಯಸುವ ಸ್ತ್ರೀಯರು: ಗರ್ಭಕ್ಕೆ ಇದರಿಂದ ಹಾನಿಯುಂಟೇ? ಗರ್ಭನಿರೋಧಕ ಗುಳಿಗೆಗಳ ಶಕ್ತಿ ಕುಂದುವುದೇ?

ಇವುಗಳಿಗೆ ತಾಳ್ಮೆಯಿಂದ ಉತ್ತರಿಸದವರಲ್ಲಿ ಸಹಿ ಮಾಡದಿರುವುದೇ ಲೇಸು. ಪರೀಕ್ಷೆಗೆ ಸೇರಿರಿ, ಬಿಡಿರಿ, ಒಂದು ಮಾತನ್ನು ಮಾತ್ರ ಮರೆಯಬಾರದು: ಈಗ ಸೇವಿಸುತ್ತಿರುವ ಗುಳಿಗೆಗಳನ್ನು ವೈದ್ಯರ ಸಲಹೆಯಿಲ್ಲದೆ ಒಂದು ದಿನವೂ ನಿಲ್ಲಿಸಬೇಡಿರಿ. ತಟ್ಟನೆ ನಿಲ್ಲಿಸಿದರೆ ಸೆಳವಿನ ಮೇಲೆ ಸೆಳವು ಬಂದು ಪ್ರಾಣಕ್ಕೆ ಎರವಾಗಬಹುದು.

ಯಾರ ಸಮ್ಮತಿ?

ಇಷ್ಟನ್ನೂ ಆ ತಾಯಿಗೆ ವಿವರಿಸಿದ ಬಳಿಕ ನಾವು ಒಂದು ಪ್ರಶ್ನೆ ಕೇಳಿದೆವು: "ಮಗ ಏನಂತಾನ್ರೀ ತಾಯಿ?" ಅವರು ಕ್ಷಣಕಾಲ ಸುಮ್ಮನಾದರು. ಹದಿನೆಂಟು ವರ್ಷಗಳಿಂದ ಗುಳಿಗೆಯನ್ನು ಎಣಿಸಿ ಕೊಟ್ಟವರು, ಬಿದ್ದಾಗ ತೊಡೆಯ ಮೇಲೆ ತಲೆಯಿಟ್ಟುಕೊಂಡು ಕುಳಿತವರು ಅವರು. ಆದರೂ ಮಗನನ್ನು ಯಾರೂ ಕೇಳಿರಲಿಲ್ಲ. ಅವನು ಪ್ರಾಯಕ್ಕೆ ಬಂದವನು, ಸೆಳವಿಲ್ಲದ ಹೊತ್ತಿನಲ್ಲಿ ಎಲ್ಲರಂತೆ ವಿವೇಚಿಸಬಲ್ಲವನು. ಮೂರ್ಛೆರೋಗವು ಬುದ್ಧಿಹೀನತೆಯಲ್ಲ. 1999ರ ತಿದ್ದುಪಡಿಯ ಮೂಲಕ ಹಿಂದೂ ವಿವಾಹ ಕಾಯಿದೆಯೂ ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆನ್ನುವುದನ್ನು ಕೈಬಿಟ್ಟಿದೆ. ಆ ಪತ್ರದ ಮೇಲೆ ಬೀಳಬೇಕಾದುದು ಅವನ ಸಹಿ. ತಾಯಿತಂದೆಯರದು ಹಿತವಚನ ಮಾತ್ರ.

"ನಾ ಮೊದಲ ಪೂರಾ ಓದತೇನ್ರೀ" ಎಂದು ಅವನು ಪತ್ರವನ್ನು ತಾಯಿಯ ಕೈಯಿಂದ ತೆಗೆದುಕೊಂಡ. ಮುಂದಿನ ಅಮವಾಸ್ಯೆಗೆ ಬಂದಾಗ ಅವನ ಬಳಿ ಒಂದು ನೂರು ಪುಟದ ನೋಟುಪುಸ್ತಕವಿತ್ತು. ಅದರಲ್ಲಿ ತಿಂಗಳ ಐದು ಸೆಳವುಗಳು ದಿನ, ವೇಳೆ ಸಹಿತ ದಾಖಲಾಗಿದ್ದವು. ಐದರಲ್ಲಿ ಒಂದೂ ಅಮವಾಸ್ಯೆಯದಲ್ಲ. ಎರಡು, ರಾತ್ರಿ ಪಾಳಿಯ ಕೆಲಸ ಮುಗಿಸಿದ ಮರುದಿನದವು. ಪರೀಕ್ಷೆಗೆ ಸೇರುವ ವಿಷಯವನ್ನು ಅವನಿನ್ನೂ ನಿರ್ಧರಿಸಿರಲಿಲ್ಲ. ಪುಸ್ತಕದ ಕೊನೆಯ ಪುಟದಲ್ಲಿ ವೈದ್ಯರನ್ನು ಕೇಳಬೇಕಾದ ಒಂಬತ್ತು ಪ್ರಶ್ನೆಗಳಿದ್ದವು. ಏಳು ನಾವು ಹೇಳಿದವು, ಎರಡು ಅವನವೇ.